ಕ್ಯಾನ್ಸರಿಗೆ ನ್ಯಾನೋ ಕಣ, ಶಾಖದ ಚಿಕಿತ್ಸೆ ಅಂದರೆ: ಎಷ್ಟು ಡಿಗ್ರಿ, ಎಷ್ಟು ಹೊತ್ತು ಅಂತ ಕೇಳಿ

ಹೋದ ವರ್ಷ ಕೊನೆಕೊಯ್ಲಿನ ಹೊತ್ತಿಗೆ ನಮ್ಮ ಚಿಕ್ಕಪ್ಪನ ಎಡಗೆನ್ನೆಯ ಒಳಗಿನ ಹುಣ್ಣು ಕ್ಯಾನ್ಸರ್ ಅಂತ ಬಯಾಪ್ಸಿಯಲ್ಲಿ ಗೊತ್ತಾಯಿತು. 40 ವರ್ಷ ಎಲೆ-ಅಡಿಕೆಯ ಕವಳ ಹಾಕಿದ ಬಾಯಿ. ರಿಪೋರ್ಟ್ ಬಂದ ಮೂರನೇ ದಿನ ಮನೆಯ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ಚಿನ್ನದ ಕಣಗಳು ರಕ್ತದಲ್ಲಿ ಹರಿದು ಹೋಗಿ ಗಡ್ಡೆಗೆ ಅಂಟಿಕೊಳ್ಳುತ್ತವೆ, ಮೇಲಿಂದ ಬೆಳಕು ಬಿಟ್ಟರೆ ಗಡ್ಡೆ ಸುಟ್ಟು ಹೋಗುತ್ತದೆ, ಆಪರೇಷನ್ ಬೇಡ, ಕೂದಲು ಉದುರಲ್ಲ. ಚಿಕ್ಕಪ್ಪ ಜಗಲಿಯಲ್ಲಿ ಕೂತು ಅದನ್ನು ನಾಲ್ಕು ಸಲ ನೋಡಿದರು.

"ಎಂತ ಮಾರಾಯ್ತಿ ಇದು? ನೀನು ಕೆಮಿಸ್ಟ್ರಿ ಮೇಡಂ ಅಲ್ವಾ, ಓದಿ ಹೇಳು. ಇದು ಇದ್ದರೆ ಕೆನ್ನೆ ಕೊಯ್ಸೋದು ಎಂತಕ್ಕೆ?"

ನಾನು ತೀರ್ಥಹಳ್ಳಿಯಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಮಾಡುವವಳು, ಡಾಕ್ಟರ್ ಅಲ್ಲ. ಆಪರೇಷನ್ನಿಗೆ ಇನ್ನೂ 11 ದಿನ ಇತ್ತು. ಅಷ್ಟು ದಿನವೂ ರಾತ್ರಿ ಕೂತು ಓದಿದೆ. ಓದಿದ್ದನ್ನು ಚಿಕ್ಕಪ್ಪನಿಗೆ ಹೇಗೆ ಹೇಳಿದೆನೋ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಗೂ ಇಂಥ ವಿಡಿಯೋ ಬಂದಿದ್ದರೆ, ಇದನ್ನು ಓದುವಾಗ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಡಾಕ್ಟರ್ ಕೊಟ್ಟ ಆಪರೇಷನ್ ದಿನವನ್ನೋ, ರೇಡಿಯೇಷನ್ ದಿನವನ್ನೋ ಇದಕ್ಕಾಗಿ ಮುಂದಕ್ಕೆ ಹಾಕಬೇಡಿ. ಓದುವುದು, ಕೇಳುವುದು ಎಲ್ಲ ಅದರ ಜೊತೆಜೊತೆಗೇ ನಡೆಯಲಿ.

ಬಚ್ಚಲ ಹಂಡೆಯಿಂದ ಶುರು ಮಾಡಿ

ಶಾಖದ ಚಿಕಿತ್ಸೆ ಅಂದ ತಕ್ಷಣ ನಮ್ಮ ಕಣ್ಣಿಗೆ ಬೆಂಕಿ ಕಾಣುತ್ತದೆ. ಅದನ್ನು ಮೊದಲು ಬಿಡಬೇಕು. ಕಾಲೇಜಿನ ಲ್ಯಾಬಿನಲ್ಲಿರುವಂಥ ಒಂದು ಥರ್ಮಾಮೀಟರ್ ತಂದು, ಹಂಡೆಯ ನೀರನ್ನು ಬಕೆಟ್ಟಿಗೆ ತೋಡಿ, ತಣ್ಣೀರು ಬೆರೆಸಿ 42 ಡಿಗ್ರಿ ಸೆಲ್ಸಿಯಸ್‌ಗೆ ತಂದೆ. ಚಿಕ್ಕಪ್ಪ ಕೈ ಇಟ್ಟು ನೋಡಿದರು. ಮಳೆಗಾಲದ ಸಂಜೆ ತೋಟದಿಂದ ಬಂದು ಹುಯ್ದುಕೊಳ್ಳುವ ನೀರಿನಷ್ಟೇ ಬಿಸಿ. "ಇಷ್ಟೇಯಾ?" ಅಂದರು.

ಇಷ್ಟೇ. ಹೈಪರ್ಥರ್ಮಿಯಾ ಅಂತ ಡಾಕ್ಟರುಗಳು ಹೇಳುವುದು ಗಡ್ಡೆಯ ಜಾಗವನ್ನು ಸುಮಾರು 40ರಿಂದ 43 ಡಿಗ್ರಿಗೆ ಏರಿಸಿ, ಒಂದು ಗಂಟೆಯ ಹೊತ್ತು ಹಾಗೇ ಹಿಡಿದಿಡುವುದನ್ನು. ವಾರಕ್ಕೆ ಒಂದೋ ಎರಡೋ ಸಲ. ಸಾಮಾನ್ಯವಾಗಿ ಅದನ್ನು ಒಂಟಿಯಾಗಿ ಕೊಡುವುದಿಲ್ಲ. ರೇಡಿಯೇಷನ್ ಅಥವಾ ಕೀಮೋ ಜೊತೆ ಕೊಡುತ್ತಾರೆ. ರೇಡಿಯೇಷನ್ ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ಮುರಿಯುತ್ತದೆ. ಕೋಶ ಅದನ್ನು ರಿಪೇರಿ ಮಾಡಿಕೊಳ್ಳಲು ನೋಡುತ್ತದೆ. ಶಾಖ ಆ ರಿಪೇರಿಗೆ ಅಡ್ಡ ಬರುತ್ತದೆ.

ಹಾಗಾದರೆ ದಿನಾ ಬಿಸಿನೀರು ಸ್ನಾನ ಮಾಡಿದರೆ ಆಗಲ್ವಾ? ಆಗುವುದಿಲ್ಲ. ಹೊರಗಿನ ಬಿಸಿಯನ್ನು ರಕ್ತ ಹೊತ್ತುಕೊಂಡು ಹೋಗಿ ಮೈಯೆಲ್ಲ ಹಂಚಿಬಿಡುತ್ತದೆ. ಒಳಗಿನ ಮಾಂಸ ಮೈಯ ಮಾಮೂಲಿ 37 ಡಿಗ್ರಿಯ ಹತ್ತಿರವೇ ಉಳಿಯುತ್ತದೆ. ಇದನ್ನು ತೋಟಕ್ಕೆ ಹೋಲಿಸಿ ಹೇಳಿದೆ. ಬಸಿಗಾಲುವೆ ಸರಿಯಾಗಿ ತೆಗೆದ ತೋಟದಲ್ಲಿ ಎಷ್ಟೇ ಮಳೆ ಹೊಯ್ದರೂ ನೀರು ಇಳಿದು ಹೋಗುತ್ತದೆ. ನಮ್ಮ ಆರೋಗ್ಯದ ಮಾಂಸ ಹಾಗೆ. ಗಡ್ಡೆ ಅವಸರದಲ್ಲಿ ಬೆಳೆದದ್ದು, ಅದರ ರಕ್ತನಾಳಗಳು ಅಂಕುಡೊಂಕು. ಕಾಲುವೆ ಇಲ್ಲದ ತೋಟದಲ್ಲಿ ನೀರು ನಿಂತ ಹಾಗೆ ಅಲ್ಲಿ ಬಿಸಿ ನಿಲ್ಲುತ್ತದೆ. ಆದರೆ ಆ ಬಿಸಿಯನ್ನು ಅಲ್ಲಿಯ ತನಕ ತಲುಪಿಸಲು ಮೈಕ್ರೋವೇವ್, ರೇಡಿಯೋ ತರಂಗದ ಯಂತ್ರ ಬೇಕು. ತಲುಪಿತಾ ಅಂತ ನೋಡಲು ಅಳತೆ ಬೇಕು.

ಡಿಗ್ರಿ ಮತ್ತು ಹೊತ್ತು ಎರಡನ್ನೂ ಕೇಳಿ ಅಂತ ನಾನು ಒತ್ತಿ ಹೇಳುವುದು ಯಾಕೆ ಗೊತ್ತಾ? ಈ ವಿದ್ಯೆಯಲ್ಲಿ 43 ಡಿಗ್ರಿಯನ್ನು ಗುರುತಿನ ಕಲ್ಲು ಮಾಡಿಕೊಂಡಿದ್ದಾರೆ. 43ರಲ್ಲಿ 60 ನಿಮಿಷ ಮಾಡುವ ಕೆಲಸವನ್ನು 44ರಲ್ಲಿ 30 ನಿಮಿಷಕ್ಕೆ ಮಾಡಬಹುದು. ಅದೇ 42ಕ್ಕೆ ಇಳಿದರೆ 240 ನಿಮಿಷ ಬೇಕು. ಒಂದೇ ಒಂದು ಡಿಗ್ರಿಗೆ ಇಷ್ಟು ವ್ಯತ್ಯಾಸ. ಅಂದಮೇಲೆ "ಸ್ವಲ್ಪ ಶಾಖ ಕೊಡ್ತೇವೆ" ಅನ್ನುವ ಮಾತಿಗೆ ಅರ್ಥವೇ ಇಲ್ಲ.

ಇನ್ನೊಂದು ಬಗೆಯ ಶಾಖವೂ ಇದೆ, ಅದನ್ನು ಇದರ ಜೊತೆ ಕಲಸಬೇಡಿ. ಲಿವರಿನ ಸಣ್ಣ ಗಡ್ಡೆಗೆ ಸೂಜಿ ಚುಚ್ಚಿ 60 ಡಿಗ್ರಿಗಿಂತ ಮೇಲೆ ಕಾಯಿಸುತ್ತಾರೆ. ಅಬ್ಲೇಷನ್ ಅಂತ ಹೆಸರು. ಮೊಟ್ಟೆಯ ಬಿಳಿ ಬೆಂದು ಗಟ್ಟಿಯಾದ ಹಾಗೆ ಗಡ್ಡೆ ಅಲ್ಲೇ ಬೆಂದು ಸಾಯುತ್ತದೆ. ಅದು ದೊಡ್ಡ ಆಸ್ಪತ್ರೆಗಳಲ್ಲಿ ಈಗಾಗಲೇ ಬಳಕೆಯಲ್ಲಿರುವ ಚಿಕಿತ್ಸೆ. ಅದಕ್ಕೆ ನ್ಯಾನೋ ಕಣ ಬೇಕಿಲ್ಲ.

ಶಾಖದಿಂದ ನಿಜಕ್ಕೂ ಉಪಯೋಗ ಇದೆಯಾ ಅಂದರೆ, ಇದೆ, ಕೆಲವು ಕಡೆ ಚೆನ್ನಾಗಿಯೇ ಇದೆ. ನೆದರ್ಲೆಂಡ್ಸಿನಲ್ಲಿ ನಡೆದ, 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಬಲಿತಿದ್ದ ಹೆಂಗಸರಲ್ಲಿ ಬರೀ ರೇಡಿಯೇಷನ್ ಪಡೆದವರು 3 ವರ್ಷದ ನಂತರ ನೂರಕ್ಕೆ 27 ಮಂದಿ ಬದುಕಿದ್ದರು. ಶಾಖವನ್ನೂ ಪಡೆದವರಲ್ಲಿ 51 ಮಂದಿ. ನಮ್ಮ ದೇಶದ್ದೂ ಒಂದು ಇದೆ. ಮುಂಬೈನಲ್ಲಿ ಬಾಯಿ-ಗಂಟಲಿನ ಕಡೆಯ ಕ್ಯಾನ್ಸರ್ ಬಲಿತಿದ್ದ 56 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ್ದು. ಬರೀ ರೇಡಿಯೇಷನ್ನಿಗೆ ನೂರಕ್ಕೆ ಸುಮಾರು 42 ಜನರಲ್ಲಿ ಗಡ್ಡೆ ಪೂರ್ತಿ ಕರಗಿತು, ಶಾಖ ಸೇರಿದಾಗ ಸುಮಾರು 79 ಜನರಲ್ಲಿ. 56 ಅಂದರೆ ನನ್ನ ಒಂದು ತರಗತಿಯ ಮಕ್ಕಳಷ್ಟು. ಸಣ್ಣ ಲೆಕ್ಕ. ಆದರೂ ಓದಿದ ರಾತ್ರಿ ನನಗೆ ಖುಷಿಯಾಗಿದ್ದು ಹೌದು. ಈ ಎರಡರಲ್ಲೂ ನ್ಯಾನೋ ಕಣ ಇರಲಿಲ್ಲ, ಬರೀ ಯಂತ್ರದ ಶಾಖ.

ಮನೆಯಲ್ಲಿ ಶಾಖ ಕೊಡಬೇಡಿ

ಇದನ್ನು ಬರೆಯಲು ನನಗೆ ಈಗಲೂ ಸಂಕಟ ಆಗುತ್ತದೆ. ಆಪರೇಷನ್ ಮುಗಿದು ರೇಡಿಯೇಷನ್ನೂ ಮುಗಿದ ಮೇಲೆ ಚಿಕ್ಕಪ್ಪನ ಕುತ್ತಿಗೆ ಬಿಗಿದುಕೊಂಡಿತ್ತು. ನಾನು ಶಾಖದ ಬಗ್ಗೆ ಹೇಳಿದ್ದನ್ನೇ ಕೇಳಿಸಿಕೊಂಡಿದ್ದ ಚಿಕ್ಕಮ್ಮ, ಒಳ್ಳೇದಾಗಲಿ ಅಂತ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟರು. ಆಪರೇಷನ್ ಆದ ಜಾಗಕ್ಕೆ ಸ್ಪರ್ಶ ಸರಿಯಾಗಿ ಗೊತ್ತಾಗುವುದಿಲ್ಲ, ಸುಡುತ್ತಿದೆ ಅಂತ ಚಿಕ್ಕಪ್ಪನಿಗೆ ತಿಳಿಯಲೇ ಇಲ್ಲ. ರೇಡಿಯೇಷನ್ ಬಿದ್ದ ಚರ್ಮ ಮೊದಲೇ ಸೂಕ್ಷ್ಮ. ಬೊಬ್ಬೆ ಎದ್ದಿತು. ಆ ಗಾಯ ಮಾಯಲು ಒಂದೂವರೆ ತಿಂಗಳು ಬೇಕಾಯಿತು. ಚಿಕ್ಕಮ್ಮ ಎಷ್ಟು ಅತ್ತರೋ! ತಪ್ಪು ಅವರದ್ದಲ್ಲ, ಮೊದಲೇ ಹೇಳದೇ ಇದ್ದ ನನ್ನದು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಉಪ್ಪಿನ ಗಂಟು, ಬಿಸಿನೀರಿನ ಬ್ಯಾಗ್, ಹರಳೆಣ್ಣೆ ಹಚ್ಚಿ ಕಾಯಿಸುವುದು, ಯಾವುದೂ ಬೇಡ.

ಕಣ ಎಂದರೆ ಏನು ಅಂತ ತೋರಿಸುವುದು

ನ್ಯಾನೋ ಅನ್ನುವ ಪದಕ್ಕೆ ಹೆದರಬೇಡಿ, ಮರುಳೂ ಆಗಬೇಡಿ. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರದಿಂದ ಒಂದು ಲಕ್ಷ ನ್ಯಾನೋಮೀಟರ್. ಚಿಕಿತ್ಸೆಯ ಕಣಗಳು ಹೆಚ್ಚಿನಂಶ 10ರಿಂದ 150 ನ್ಯಾನೋಮೀಟರ್ ಒಳಗೆ ಇರುತ್ತವೆ. 'ಸ್ಪಂದಿಸುವ ಕಣ' ಅಂದರೆ ಎಲ್ಲ ಕಡೆ ಸುಮ್ನೆ ಇದ್ದು, ಒಂದು ಸುಳಿವು ಸಿಕ್ಕಾಗ ಮಾತ್ರ ಕೆಲಸ ಮಾಡುವ ಕಣ. ಆ ಸುಳಿವು ಶಾಖ ಇರಬಹುದು, ಬೆಳಕು, ಅಯಸ್ಕಾಂತ ಕ್ಷೇತ್ರ, ಅಥವಾ ಗಡ್ಡೆಯ ಸುತ್ತ ಇರುವ ಸ್ವಲ್ಪ ಹುಳಿಯ ವಾತಾವರಣವೂ ಇರಬಹುದು.

ಶಾಖಕ್ಕೆ ಒಡೆಯುವ ಕಣವನ್ನು ತೋರಿಸಲು ನಮ್ಮ ಊರಿನ ಡಿಸೆಂಬರ್ ಬೆಳಗು ಸಾಕು. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಬಾಟಲಿಯನ್ನು ಕವುಚಿದರೂ ಬೀಳುವುದಿಲ್ಲ. ಅಂಗೈಯಲ್ಲಿ ಹಿಡಿದುಕೊಳ್ಳಿ, ಸುಮಾರು 24 ಡಿಗ್ರಿ ದಾಟಿದ ಕೂಡಲೇ ಜಾರಲು ಶುರು. ಕೊಬ್ಬಿನ ಗುಣ ಇದು, ಒಂದು ಗೊತ್ತಾದ ಡಿಗ್ರಿಗೆ ಕರಗುವುದು. ಲೈಪೋಸೋಮ್ ಅನ್ನುವುದು ಕೊಬ್ಬಿನ ಪೊರೆಯ ಪುಟ್ಟ ಚೀಲ. ಅದರೊಳಗೆ ಕೀಮೋ ಔಷಧಿ. 41 ಡಿಗ್ರಿಯ ಆಸುಪಾಸಿನಲ್ಲಿ ಸಡಿಲವಾಗುವ ಕೊಬ್ಬನ್ನೇ ಆರಿಸಿ ಪೊರೆ ಮಾಡಿದರೆ, 37ರ ಮೈಯಲ್ಲಿ ಚೀಲ ಹೆಚ್ಚಾಗಿ ಮುಚ್ಚಿರುತ್ತದೆ, ಕಾಯಿಸಿದ ಗಡ್ಡೆಯ ಹತ್ತಿರ ಬಂದಾಗ ಒಳಗಿನ ಔಷಧಿ ಹೊರಗೆ ಬೀಳುತ್ತದೆ. 1978ರಲ್ಲೇ ಈ ಯೋಚನೆಯನ್ನು ವಿಜ್ಞಾನಿಗಳು ಪ್ರಕಟಿಸಿದ್ದರು. ನನಗೆ ಇದು ಎಷ್ಟು ಹಿಡಿಸಿತು ಅಂದರೆ, ಮರುದಿನ ಸೆಕೆಂಡ್ ಪಿಯುಸಿ ತರಗತಿಯಲ್ಲಿ ಎಣ್ಣೆ ಬಾಟಲಿ ಇಟ್ಟುಕೊಂಡು ಇಡೀ ಪೀರಿಯಡ್ ಇದನ್ನೇ ಹೇಳಿದೆ.

ಆಮೇಲೆ ಮನುಷ್ಯರ ಮೇಲೆ ಏನಾಯಿತು ಅಂತ ಓದಿದೆ. ಅಮೆರಿಕದ ಒಂದು ಕಂಪನಿ ಇದೇ ಬಗೆಯ ಔಷಧಿ ಮಾಡಿತು, ಹೆಸರು ಥರ್ಮೋಡಾಕ್ಸ್. ಲಿವರ್ ಕ್ಯಾನ್ಸರಿನ 701 ಜನ ಇದ್ದ ಪ್ರಯೋಗ. ಸೂಜಿಯಿಂದ ಗಡ್ಡೆ ಕಾಯಿಸುವುದು ಎಲ್ಲರಿಗೂ, ಜೊತೆಗೆ ಅರ್ಧ ಜನರಿಗೆ ಈ ಔಷಧಿ. 2013ರ ಜನವರಿಯಲ್ಲಿ ಫಲ ಬಂತು. ಔಷಧಿಯಿಂದ ಅಂದುಕೊಂಡ ಲಾಭ ಕಾಣಲಿಲ್ಲ. ಲೆಕ್ಕ ಕೆದಕಿದಾಗ, 45 ನಿಮಿಷ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಕಾಯಿಸಿದವರಲ್ಲಿ ಚೆನ್ನಾಗಿರುವ ಹಾಗೆ ಕಂಡಿತು. ಸರಿ, ಅಷ್ಟು ಹೊತ್ತು ಕಾಯಿಸಲೇಬೇಕು ಅಂತ ನಿಯಮ ಮಾಡಿ 556 ಜನರ ಮೇಲೆ ಮತ್ತೆ ನಡೆಸಿದರು. 2020ರಲ್ಲಿ ಅದೂ ಕೈಕೊಟ್ಟಿತು. ಚೀಲ 41ಕ್ಕೆ ಒಡೆಯುತ್ತದೆ ಅನ್ನುವುದು ಸುಳ್ಳಲ್ಲ. ಲ್ಯಾಬಿನಲ್ಲಿ ಒಡೆಯುವುದಕ್ಕೂ ರೋಗಿಯ ಆಯಸ್ಸು ಹೆಚ್ಚುವುದಕ್ಕೂ ನಡುವೆ ದಾರಿ ತುಂಬಾ ಉದ್ದ ಇದೆ. ಇದನ್ನು ಚಿಕ್ಕಪ್ಪನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಷ್ಟು ಜನ ಒಪ್ಪಿಕೊಂಡು ಮಾಡಿಸಿಕೊಂಡರಲ್ಲ, ಪಾಪ" ಅಂದರು.

ವಿಡಿಯೋದಲ್ಲಿದ್ದ ಚಿನ್ನದ ಕಣವೂ ಕಟ್ಟುಕಥೆಯಲ್ಲ. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ನವೋಮಿ ಹಾಲಸ್, ಜೆನಿಫರ್ ವೆಸ್ಟ್ ಅವರು ಮಾಡಿದ್ದು. ಒಳಗೆ ಸಿಲಿಕಾ ಉಂಡೆ, ಮೇಲೆ ಚಿನ್ನದ ತೆಳು ಸಿಪ್ಪೆ. ಕಣ್ಣಿಗೆ ಕಾಣದ, ಕೆಂಪಿನಾಚೆಯ ಲೇಸರ್ ಬೆಳಕು ಬಿದ್ದರೆ ಅದು ಕಾಯುತ್ತದೆ. 2019ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ 16 ಗಂಡಸರ ಫಲಿತಾಂಶ ಪ್ರಕಟವಾಯಿತು, ಆಸೆ ಹುಟ್ಟಿಸುವ ಹಾಗೇ ಇತ್ತು. ಆದರೆ ಅಲ್ಲಿ ಬೆಳಕನ್ನು ಮೇಲಿಂದ ಬಿಡಲಿಲ್ಲ. ಯಾಕೆ ಅಂತ ತಿಳಿಯಲು ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿಯಿರಿ. ಬೆರಳ ಸಂದಿಯಲ್ಲಿ ಕೆಂಪಗೆ ಕಾಣುತ್ತದೆ. ಅದೇ ಟಾರ್ಚನ್ನು ಹೊಟ್ಟೆಗೆ ಒತ್ತಿದರೆ ಬೆನ್ನಲ್ಲಿ ಏನೂ ಕಾಣುವುದಿಲ್ಲ. ಕೆಂಪಿನಾಚೆಯ ಬೆಳಕು ಇನ್ನೂ ಸ್ವಲ್ಪ ಆಳಕ್ಕೆ ಹೋದರೂ ಒಂದೆರಡು ಸೆಂಟಿಮೀಟರ್ ದಾಟುವಷ್ಟರಲ್ಲಿ ಬಹುಪಾಲು ಸೋತು ಹೋಗುತ್ತದೆ. ಅದಕ್ಕೇ ಸೂಜಿಯ ಮೂಲಕ ಬೆಳಕಿನ ಎಳೆಯನ್ನು ಒಳಗೇ ಇಳಿಸಿದ್ದರು.

ಮೂರನೆಯದು ಕಬ್ಬಿಣದ ಆಕ್ಸೈಡ್ ಕಣ. ಅಯಸ್ಕಾಂತ ಕ್ಷೇತ್ರದ ದಿಕ್ಕನ್ನು ಸೆಕೆಂಡಿಗೆ ಸುಮಾರು ಲಕ್ಷ ಸಲ ತಿರುಗಿಸಿದರೆ ಈ ಕಣ ಬಿಸಿಯಾಗುತ್ತದೆ. ಅಯಸ್ಕಾಂತ ಕ್ಷೇತ್ರಕ್ಕೆ ಮೈ ಅಡ್ಡಿ ಮಾಡುವುದಿಲ್ಲ, ಆದ್ದರಿಂದ ಆಳದ ಗಡ್ಡೆಗೂ ಆಗುತ್ತದೆ. ಬರ್ಲಿನ್‌ನಲ್ಲಿ ಮಿದುಳಿನ ಗಡ್ಡೆಗೆ ಇದನ್ನು ಮಾಡಿದರು, 2010ರಲ್ಲಿ ಯುರೋಪಿನಲ್ಲಿ ಒಪ್ಪಿಗೆಯೂ ಸಿಕ್ಕಿತು. ಗಡ್ಡೆ ಮರಳಿ ಬಂದಿದ್ದ 59 ರೋಗಿಗಳ ಲೆಕ್ಕ 2011ರಲ್ಲಿ ಬಂತು. ಹೋಲಿಸಿ ನೋಡಲು ಇನ್ನೊಂದು ಗುಂಪು ಅದರಲ್ಲಿ ಇರಲಿಲ್ಲ. ಕಣಗಳನ್ನು ರಕ್ತಕ್ಕೆ ಬಿಡಲಿಲ್ಲ, ನೇರವಾಗಿ ಗಡ್ಡೆಗೇ ಚುಚ್ಚಿದರು. ಹಲ್ಲಿಗೆ ತುಂಬಿಸಿದ ಲೋಹ ಇದ್ದರೆ ಅದನ್ನು ಮೊದಲೇ ತೆಗೆಸಬೇಕಿತ್ತು. ಆಮೇಲೆ ಆ ಜಾಗದ ಎಂಆರ್‌ಐ ತೆಗೆಯಲು ಆಗುತ್ತಿರಲಿಲ್ಲ. ವಿಡಿಯೋಗಳಲ್ಲಿ ಇಂಥ ಮಾತು ಒಂದೂ ಬರುವುದಿಲ್ಲ, ನೋಡಿ.

ಮತ್ತೆ, ಕಣಗಳು ಗಡ್ಡೆಗೆ ತಾವಾಗಿಯೇ ಹುಡುಕಿಕೊಂಡು ಹೋಗುತ್ತವೆ ಅನ್ನುವುದು. 2016ರಲ್ಲಿ, ಹತ್ತು ವರ್ಷದ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ, ಪ್ರಾಣಿಗಳಿಗೆ ಚುಚ್ಚಿದ ಕಣಗಳಲ್ಲಿ ಗಡ್ಡೆ ಮುಟ್ಟಿದ್ದು ನಡುವಿನ ಲೆಕ್ಕಕ್ಕೆ ನೂರಕ್ಕೆ 0.7 ಪಾಲು. ಸಾವಿರ ಕಣ ಬಿಟ್ಟರೆ ಏಳು. ಉಳಿದದ್ದರಲ್ಲಿ ತುಂಬಾ ಪಾಲನ್ನು ಲಿವರ್, ಗುಲ್ಮ ಹಿಡಿದುಬಿಡುತ್ತವೆ.

ಒಂದು ಗೊಂದಲ ನಿವಾರಿಸಿಬಿಡುತ್ತೇನೆ. ಲೈಪೋಸೋಮ್‌ನಲ್ಲಿ ಇಟ್ಟ ಡಾಕ್ಸೋರುಬಿಸಿನ್ ಅನ್ನುವ ಕೀಮೋ ಔಷಧಿ 1995ರಿಂದ ಬಳಕೆಯಲ್ಲಿದೆ, ನಮ್ಮ ದೇಶದಲ್ಲೂ ಸಿಗುತ್ತದೆ. ನಿಮ್ಮ ಡಾಕ್ಟರ್ ಅದನ್ನು ಬರೆದುಕೊಟ್ಟರೆ ಅನುಮಾನ ಪಡಬೇಡಿ. ಅದು ಶಾಖಕ್ಕೆ ಒಡೆಯುವ ಬಗೆಯಲ್ಲ, ನಿಧಾನವಾಗಿ ಬಿಡುವ ಬಗೆ.

ಫೋನ್ ಬಂದಾಗ, ಡಾಕ್ಟರ್ ಎದುರು ಕೂತಾಗ

ವಿಡಿಯೋದ ಕೆಳಗಿದ್ದ ನಂಬರಿಗೆ ನಮ್ಮ ಭಾವ ಮಿಸ್ಡ್ ಕಾಲ್ ಕೊಟ್ಟಿದ್ದರು. ಅರ್ಧ ಗಂಟೆಯಲ್ಲಿ ವಾಪಸ್ ಫೋನ್. ಮೂರು ಲಕ್ಷದ ಪ್ಯಾಕೇಜ್, ಅರ್ಧ ಮುಂಗಡ, ಆಪರೇಷನ್ ಕ್ಯಾನ್ಸಲ್ ಮಾಡಿಸಿ ಬನ್ನಿ ಅಂದರು. ನಾನು ಫೋನ್ ತೆಗೆದುಕೊಂಡು ಕೇಳಿದೆ: ಗಡ್ಡೆಯೊಳಗೆ ಎಷ್ಟು ಡಿಗ್ರಿ ಮಾಡುತ್ತೀರಿ? ಎಷ್ಟು ಹೊತ್ತು? ಹೇಗೆ ಅಳೆಯುತ್ತೀರಿ? ಆ ಕಡೆಯವರು ಅದೆಲ್ಲ ಸೀಕ್ರೆಟ್ ಟೆಕ್ನಾಲಜಿ ಅಂದರು. ಹೈಪರ್ಥರ್ಮಿಯಾ ಮಾಡುವವರಿಗೆ ಈ ಮೂರು ಪ್ರಶ್ನೆ ದಿನನಿತ್ಯದ ಕೆಲಸ. ಉತ್ತರ ಬರಲಿಲ್ಲ ಅಂದರೆ ಫೋನ್ ಇಟ್ಟುಬಿಡಿ. ಆಪರೇಷನ್ ಬಿಡಿ ಅಂದವರ ಹತ್ತಿರವಂತೂ ಮಾತು ಮುಂದುವರಿಸಲೇಬೇಡಿ.

ಡಾಕ್ಟರ್ ಹತ್ತಿರ ಹೋಗುವಾಗ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಳ್ಳಿ. ಅಲ್ಲಿ ಕೂತಾಗ ಮರೆತು ಹೋಗುತ್ತದೆ. ನಮ್ಮ ಕಾಗದದಲ್ಲಿ ಇದ್ದದ್ದು: ಈ ಜಾಗದ, ಈ ಹಂತದ ಕ್ಯಾನ್ಸರಿಗೆ ಶಾಖ ಸೇರಿಸಿದರೆ ಲಾಭ ಅಂತ ಮನುಷ್ಯರ ಮೇಲೆ ತೋರಿಸಿದ್ದಾರಾ? ಅದು ರೇಡಿಯೇಷನ್ ಜೊತೆಗಾ, ಅದರ ಬದಲಿಗಾ? ಶಾಖಕ್ಕೂ ರೇಡಿಯೇಷನ್ನಿಗೂ ನಡುವೆ ಎಷ್ಟು ಗಂಟೆ ಅಂತರ? ಇದು ಒಪ್ಪಿಗೆ ಸಿಕ್ಕ ಚಿಕಿತ್ಸೆಯಾ, ಪ್ರಯೋಗವಾ? ನಿಮ್ಮ ಮನೆಯವರಿಗೆ ಪೇಸ್‌ಮೇಕರ್, ಮೂಳೆಗೆ ಹಾಕಿದ ರಾಡ್ ಇದ್ದರೆ ಅದನ್ನೂ ಹೇಳಬೇಕು.

ಘಟ್ಟ ಇಳಿದು ಹೋದ ಆಸ್ಪತ್ರೆಯ ಡಾಕ್ಟರ್ ತಾಳ್ಮೆಯಿಂದ ಕೇಳಿದರು. ಈಗ ಆಪರೇಷನ್ನಿನಲ್ಲಿ ಪೂರ್ತಿ ತೆಗೆಯಲು ಆಗುವ ಹಂತ, ಇದನ್ನು ಕಳೆದುಕೊಂಡರೆ ಮತ್ತೆ ಸಿಗುವುದಿಲ್ಲ ಅಂದರು. ಕುತ್ತಿಗೆಯಲ್ಲಿ ಮರಳಿ ಬಂದರೆ ಶಾಖದ ಯಂತ್ರ ಇರುವ ಕಡೆ ಕಳಿಸುವ ಬಗ್ಗೆ ಆಗ ಮಾತಾಡೋಣ ಅಂದರು. ಚಿಕ್ಕಪ್ಪನಿಗೆ ಅಷ್ಟು ಸಾಕಾಯಿತು. ಆಪರೇಷನ್ ಆಯಿತು, 30 ಸಲ ರೇಡಿಯೇಷನ್ ಆಯಿತು. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದವರೆಗೆ ಇದೆ, ಅದನ್ನು ಮೊದಲ ದಿನವೇ ವಿಚಾರಿಸಿ. ಚಿಕ್ಕಪ್ಪ ಕವಳ ಬಿಟ್ಟರು. 2004ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೊಗೆಸೊಪ್ಪಿಲ್ಲದ ಕವಳದಿಂದಲೂ ಕ್ಯಾನ್ಸರ್ ಬರುತ್ತದೆ ಅಂತ ಹೇಳಿದೆ. ಅಡಿಕೆಯಿಂದಲೇ ಬದುಕುವ ಮನೆ ನಮ್ಮದು. ಇದನ್ನು ಬರೆಯುವುದು ಸುಲಭವಲ್ಲ, ಆದರೂ ಬರೆಯಲೇಬೇಕು.

ಪ್ರಯೋಗ ಹುಡುಕುವುದು

ಪ್ರಯೋಗಕ್ಕೆ ಸೇರಬೇಕು ಅಂತ ಆಸೆ ಇದ್ದರೆ ಅದಕ್ಕೆ ಸರಿಯಾದ ಬಾಗಿಲಿದೆ. ನಮ್ಮ ದೇಶದ ಎಲ್ಲ ಔಷಧಿ ಪ್ರಯೋಗಗಳನ್ನು ಸಿಟಿಆರ್‌ಐ ಅನ್ನುವ ಸರ್ಕಾರಿ ಪಟ್ಟಿಯಲ್ಲಿ ನೋಂದಾಯಿಸಲೇಬೇಕು. 2009ರ ಜೂನ್‌ನಿಂದ ಇದು ಕಡ್ಡಾಯ. ಫೋನಿನಲ್ಲೇ ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ. ಪುಟ ಇಂಗ್ಲಿಷಿನಲ್ಲಿದೆ, ಮನೆಯಲ್ಲಿ ಓದುವ ಮಕ್ಕಳನ್ನು ಕೂರಿಸಿಕೊಳ್ಳಿ. ಹೈಪರ್ಥರ್ಮಿಯಾ ಅಂತಲೋ ಲೈಪೋಸೋಮ್ ಅಂತಲೋ ಹಾಕಿ ಹುಡುಕಿ. ಯಾವ ಊರಿನ ಆಸ್ಪತ್ರೆ, ಯಾವ ಹಂತದ ರೋಗಿ ಬೇಕು, ಈಗ ಸೇರಿಸಿಕೊಳ್ಳುತ್ತಿದ್ದಾರಾ ಇಲ್ಲವಾ, ಎಲ್ಲ ಅಲ್ಲಿರುತ್ತದೆ. ಯಾರಾದರೂ ಪ್ರಯೋಗ ಅಂತ ಕರೆದರೆ ನೋಂದಣಿ ನಂಬರ್ ಕೇಳಿ, ಅದನ್ನು ಈ ಪಟ್ಟಿಯಲ್ಲಿ ಹಾಕಿ ನೋಡಿ.

2019ರ ನಿಯಮದ ಪ್ರಕಾರ ಪ್ರಯೋಗದಿಂದ ತೊಂದರೆ ಆದರೆ ಚಿಕಿತ್ಸೆ ಮತ್ತು ಪರಿಹಾರ ಕೊಡುವುದು ಪ್ರಯೋಗ ನಡೆಸುವವರ ಹೊಣೆ. ಸೇರುವ ಮೊದಲು ಒಪ್ಪಿಗೆ ಪತ್ರ ಕೊಡುತ್ತಾರೆ. ಅದನ್ನು ಕನ್ನಡದಲ್ಲಿ ಕೇಳಿ. ಅಲ್ಲೇ ನಿಂತು ಸಹಿ ಹಾಕಬೇಡಿ, ಮನೆಗೆ ತಂದು ಗಟ್ಟಿಯಾಗಿ ಓದಿ, ರೋಗಿಯೇ ಕೇಳಿಸಿಕೊಳ್ಳುವ ಹಾಗೆ. ಸಹಿ ಹಾಕಿದ ಮೇಲೂ ಯಾವ ದಿನ ಬೇಕಾದರೂ ಹೊರಗೆ ಬರಬಹುದು, ಅದರಿಂದ ಮಾಮೂಲಿ ಚಿಕಿತ್ಸೆ ನಿಲ್ಲುವ ಹಾಗಿಲ್ಲ. ಇಷ್ಟೂ ಆ ಪತ್ರದಲ್ಲಿ ಬರೆದಿರಬೇಕು. ಬರೆದಿಲ್ಲದಿದ್ದರೆ ಯಾಕೆ ಇಲ್ಲ ಅಂತ ಕೇಳಿ, ಉತ್ತರ ಸಿಗುವವರೆಗೆ ಪೆನ್ನು ತೆಗೆಯಬೇಡಿ.